ಲೋಟಕ್ಕೆ ನೀರು ಬಗ್ಗಿಸುವವರು ಯಾರು?

ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರ ವಸತಿ ಗೃಹವನ್ನು ನೋಡಲು ಹೋದವರಿಗೆ ಮೊದಲು ತೋರಿಸುವುದು ಕಟ್ಟಡವನ್ನು. ಹೊಸ ಬಣ್ಣ, ಹಿಡಿಕೆ ಹಾಕಿದ ಬಚ್ಚಲು, ಗೋಡೆಗೆ ಅಂಟಿಸಿದ ಚಟುವಟಿಕೆಯ ವೇಳಾಪಟ್ಟಿ, ವಾರ್ಷಿಕೋತ್ಸವದ ಫೋಟೋಗಳು. ಇವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆರೈಕೆ ಹೇಗಿದೆ ಎಂದು ತಿಳಿಯಬೇಕಾದರೆ ಊಟದ ಹೊತ್ತಿಗೆ ಮೇಜಿನ ಹತ್ತಿರ ಕೂತು, ನೀರಿನ ಜಗ್ಗು ಯಾರ ಕೈಯಲ್ಲಿದೆ ಎಂದು ನೋಡಬೇಕು.

ಅಲ್ಲಿ ಮೂರು ಥರ ನಡೆಯುತ್ತದೆ. ಕೆಲವು ಕಡೆ ನಿವಾಸಿಗಳು ಬಂದು ಕೂರುವ ಮೊದಲೇ ಸಿಬ್ಬಂದಿ ಎಲ್ಲ ಲೋಟಗಳನ್ನೂ ತುಂಬಿಸಿಟ್ಟಿರುತ್ತಾರೆ. ಕೆಲಸ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಒಂದು ಹನಿಯೂ ಚೆಲ್ಲುವುದಿಲ್ಲ. ಇನ್ನು ಕೆಲವು ಕಡೆ ಜಗ್ಗನ್ನು ಮೇಜಿನ ಮೇಲಿಟ್ಟು "ಹಾಕ್ಕೊಳ್ಳಿ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಾರೆ. ಬಲ್ಲವರು ಹಾಕಿಕೊಳ್ಳುತ್ತಾರೆ, ಉಳಿದವರು ಬಾಯಾರಿ ಕೂರುತ್ತಾರೆ. ಇದಕ್ಕೆ ಸ್ವಾವಲಂಬನೆ ಎಂದು ಹೆಸರಿಡುವುದುಂಟು. ನಾನಂತೂ ಅದನ್ನು ಕೈಬಿಡುವುದು ಎಂದೇ ಕರೆಯುತ್ತೇನೆ.

ಮೂರನೆಯ ಬಗೆಯಲ್ಲಿ ಜಗ್ಗು ಅರ್ಧಕ್ಕಿಂತ ಕಡಿಮೆ ತುಂಬಿರುತ್ತದೆ, ಯಾಕೆಂದರೆ ತುಂಬಿದ ಜಗ್ಗಿನ ಭಾರಕ್ಕೆ ಮಣಿಕಟ್ಟು ನಡುಗುತ್ತದೆ. ಲೋಟ ಅಗಲ ಬಾಯಿಯದು, ಮೇಜಿನ ಬಣ್ಣಕ್ಕೆ ಎದ್ದು ಕಾಣುವಂಥದ್ದು. ಕೆಳಗೊಂದು ಒದ್ದೆ ಬಟ್ಟೆ, ಜಾರದಿರಲಿ ಎಂದು. ಆರೈಕೆದಾರರು ಪಕ್ಕದಲ್ಲಿ ನಿಂತು ಮೊದಲು ಸುಮ್ಮನೆ ಕಾಯುತ್ತಾರೆ. ಐದು ಸೆಕೆಂಡು, ಬೇಕಾದರೆ ಹತ್ತು. ಏನೂ ಆಗದಿದ್ದರೆ "ನೀರು ಹಾಕಿಕೊಳ್ಳೋಣವಾ?" ಎಂದು ಒಂದೇ ಸಲ ಕೇಳುತ್ತಾರೆ. ಆಮೇಲೆ ಬೆರಳು ಮಾಡಿ ಜಗ್ಗನ್ನು ತೋರಿಸುವುದು. ಆಮೇಲೆ ತಮ್ಮ ಲೋಟಕ್ಕೆ ಬಗ್ಗಿಸಿ ತೋರಿಸುವುದು. ಅದೂ ಸಾಲದಿದ್ದರೆ ಮಾತ್ರ ಅವರ ಕೈ ಮೇಲೆ ತಮ್ಮ ಕೈ ಇಟ್ಟು ಜಗ್ಗನ್ನು ಎತ್ತಿಸುತ್ತಾರೆ, ನೀರು ಬೀಳತೊಡಗಿದ ಕೂಡಲೇ ಕೈಯನ್ನು ಮೊಣಕೈ ಕಡೆಗೆ ಜಾರಿಸಿ ಹಗುರ ಮಾಡುತ್ತಾರೆ. ಹದಿನೈದು ದಿನ ಕಳೆದ ಮೇಲೆ ಆ ಕೈ ಬೇಕಾಗದೆಯೂ ಹೋಗಬಹುದು, ವರ್ಷಗಟ್ಟಲೆ ಬೇಕಾಗಲೂಬಹುದು. ಬೇಕಾದಷ್ಟು ದಿನ ಆ ಕೈ ಅಲ್ಲಿರಬೇಕು.

ಇದಕ್ಕೆ ಆಕ್ಟಿವ್ ಸಪೋರ್ಟ್ ಅನ್ನುತ್ತಾರೆ. 1980ರ ದಶಕದಲ್ಲಿ ಇಂಗ್ಲೆಂಡಿನ ಆಂಡೋವರ್ ಪಟ್ಟಣದಲ್ಲಿ, ದೊಡ್ಡ ಸಂಸ್ಥೆಗಳಿಂದ ಹೊರಬಂದ ತೀವ್ರ ಅಂಗವೈಕಲ್ಯದವರಿಗಾಗಿ ನಡೆಸಿದ ಸಣ್ಣ ಮನೆಗಳಲ್ಲಿ ಈ ಪದ್ಧತಿ ರೂಪುಗೊಂಡಿತು. ಕೆಂಟ್ ವಿಶ್ವವಿದ್ಯಾಲಯದ ಜಿಮ್ ಮ್ಯಾನ್ಸೆಲ್ ಮತ್ತು ಅವರ ಜೊತೆಗಾರರು ಮುಂದೆ ಅದನ್ನು ಬೆಳೆಸಿದರು. ಪ್ರತಿ ಕ್ಷಣದಲ್ಲೂ ಏನಾದರೂ ಮಾಡುವ ಅವಕಾಶವಿದೆ, ಸ್ವಲ್ಪ ಸ್ವಲ್ಪವೇ ಆದರೂ ಆಗಾಗ ಮಾಡಿಸಬೇಕು, ಸಹಾಯವನ್ನು ಅಳೆದು ಕೊಡಬೇಕು, ಆಯ್ಕೆ ಅವರದೇ ಆಗಿರಬೇಕು: ಇಷ್ಟೇ ಅದರ ತಿರುಳು. ಕೇಳಲು ಸುಲಭ. ಕೆಡುವುದು ಮುಖ್ಯವಾಗಿ ಮಾತಿನಲ್ಲಿ. ಮಾತು ಅರ್ಥವಾಗದವರಿಗೂ ಸಿಬ್ಬಂದಿ ಬರೀ ಮಾತಿನಲ್ಲೇ ಹೇಳುತ್ತಾರೆ, ಒಂದೇ ವಾಕ್ಯವನ್ನು ನಾಲ್ಕು ಸಲ, ಪ್ರತಿ ಸಲ ದನಿ ಏರಿಸಿ. ಕೊನೆಗೆ "ಇವರಿಗೆ ಇಷ್ಟವಿಲ್ಲ" ಎಂದು ಬರೆದುಬಿಡುತ್ತಾರೆ. ಇಷ್ಟವಿಲ್ಲ ಅನ್ನುವುದಕ್ಕೂ ತಿಳಿಯಲಿಲ್ಲ ಅನ್ನುವುದಕ್ಕೂ ಇರುವ ಅಂತರ ತುಂಬ ದೊಡ್ಡದು.

ಈ ಗುಣಮಟ್ಟವನ್ನು ಅಳೆಯಲೂ ಬರುತ್ತದೆ. ಒಂದು ಗಡಿಯಾರ, ಒಂದು ಗೆರೆ ಹಾಕಿದ ಕಾಗದ ಸಾಕು. ಸಂಜೆ 4ರಿಂದ 6ರವರೆಗೆ ಎಲ್ಲರೂ ಕಾಣುವ ಜಾಗದಲ್ಲಿ ಕೂರಿ. ಆರು ಜನ ನಿವಾಸಿಗಳಿದ್ದರೆ ನಿಮಿಷಕ್ಕೊಬ್ಬರಂತೆ ಸರದಿಯಲ್ಲಿ ನೋಡುತ್ತಾ ಹೋಗಿ. ನಿಮಿಷ ತಿರುಗಿದ ಆ ಕ್ಷಣದಲ್ಲಿ ಆ ವ್ಯಕ್ತಿ ಏನಾದರೂ ಮಾಡುತ್ತಿದ್ದಾರಾ, ಯಾರ ಜೊತೆಗಾದರೂ ಒಡನಾಡುತ್ತಿದ್ದಾರಾ, ಸುಮ್ಮನೆ ಕೂತಿದ್ದಾರಾ, ತೂಗಾಡುವುದೋ ಕೈ ಕಚ್ಚಿಕೊಳ್ಳುವುದೋ ನಡೆದಿದೆಯಾ ಎಂದು ಒಂದು ಗುರುತು ಹಾಕಿ. ಆ ಹೊತ್ತಿಗೆ ಸಿಬ್ಬಂದಿಯಿಂದ ಸಹಾಯ ಸಿಗುತ್ತಿತ್ತಾ ಎಂದು ಇನ್ನೊಂದು ಗುರುತು. ಎರಡು ಗಂಟೆಗೆ 120 ಗುರುತು, ತಲೆಗೆ 20. ಟಿವಿ ಹಾಕಿದೆ ಎಂಬ ಕಾರಣಕ್ಕೆ ಅದರ ಮುಂದೆ ಕೂತವರನ್ನೆಲ್ಲ ಟಿವಿ ನೋಡುತ್ತಿದ್ದಾರೆ ಎಂದು ಲೆಕ್ಕ ಹಿಡಿಯಬೇಡಿ. ಕಣ್ಣು ಪರದೆಯ ಮೇಲಿದೆಯಾ ನೋಡಿ. 20ರಲ್ಲಿ 15 ಸಲ ಸುಮ್ಮನೆ ಕೂತವರು ಯಾರೋ, ಆ ಮನೆಯಲ್ಲಿ ಹೆಚ್ಚು ಸಹಾಯ ಬೇಕಾದವರೂ ಬಹುತೇಕ ಅವರೇ ಆಗಿರುತ್ತಾರೆ. ಬಲ್ಲವರಿಗೆ ಸಿಬ್ಬಂದಿಯ ಗಮನವೂ ಹೆಚ್ಚು ಸಿಗುತ್ತದೆ, ಏಕೆಂದರೆ ಅವರ ಜೊತೆ ಮಾತಾಡುವುದು ಸುಲಭ.

ಇಂಥ ಲೆಕ್ಕ ಮುಂದಿಟ್ಟಾಗ ಬರುವ ಮೊದಲ ಉತ್ತರ, "ಜನ ಸಾಲದು". ಕೆಲವೊಮ್ಮೆ ಅದು ನಿಜ. ಬಹಳ ಸಲ ಅಲ್ಲ. ಎಂಟು ಜನರ ಗುಂಪಿಗೆ ಇಬ್ಬರು ಸಿಬ್ಬಂದಿಯನ್ನು ಒಟ್ಟಿಗೆ ಬಿಟ್ಟರೆ ಅವರಿಬ್ಬರೂ ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ. ಅದೇ ಎಂಟು ಜನರನ್ನು ನಾಲ್ಕು ನಾಲ್ಕು ಮಾಡಿ ಒಬ್ಬೊಬ್ಬರಿಗೆ ವಹಿಸಿದರೆ ನಿವಾಸಿಗಳ ಜೊತೆಗಿನ ಕೆಲಸ ಹೆಚ್ಚುತ್ತದೆ. ತಲೆ ಎಣಿಸುವ ಮೊದಲು ಶಿಫ್ಟಿನ ಹಾಳೆ ನೋಡಬೇಕು. ಅದರಲ್ಲಿ "ಸಂಜೆ: ಇಬ್ಬರು" ಎಂದಷ್ಟೇ ಇದೆಯೋ, ಅಥವಾ 5 ಗಂಟೆಗೆ ಯಾರ ಜೊತೆ ಯಾರು ಬಟ್ಟೆ ಮಡಚುತ್ತಾರೆ, ಯಾರ ಜೊತೆ ಯಾರು ತರಕಾರಿ ತೊಳೆಯುತ್ತಾರೆ ಎಂದು ಹೆಸರು ಸಮೇತ ಇದೆಯೋ?

ಕಟ್ಟಡವಾಗಲಿ ದುಡ್ಡಾಗಲಿ ಕಾಪಾಡುವುದಿಲ್ಲ ಎನ್ನುವುದಕ್ಕೆ ಎರಡು ಹೆಸರು ಸಾಕು. ನ್ಯೂಯಾರ್ಕಿನ ವಿಲೋಬ್ರೂಕ್, ಬೌದ್ಧಿಕ ಅಂಗವೈಕಲ್ಯದವರ ದೊಡ್ಡ ಸಂಸ್ಥೆ, 4,000 ಜನರಿಗೆಂದು ಕಟ್ಟಿದ್ದು. 1965ರ ಹೊತ್ತಿಗೆ ಅಲ್ಲಿ 6,000ಕ್ಕೂ ಹೆಚ್ಚು ಜನರಿದ್ದರು. 1972ರಲ್ಲಿ ಟಿವಿ ಕ್ಯಾಮೆರಾ ಒಳಹೊಕ್ಕಾಗ ಜಗತ್ತು ಅದನ್ನು ಕಂಡಿತು, ಪೂರ್ತಿ ಮುಚ್ಚಿದ್ದು 1987ರಲ್ಲಿ. ಅದು ಹಳೆಯ ಕಾಲದ ಕಥೆ, ಕಿಕ್ಕಿರಿದ ಜಾಗ ಎಂದುಕೊಳ್ಳುವವರು ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಬಗ್ಗೆ ತಿಳಿಯಬೇಕು. 2006ರಲ್ಲಿ ಶುರುವಾದ, ಇದಕ್ಕೆಂದೇ ಕಟ್ಟಿದ 24 ಹಾಸಿಗೆಯ ಖಾಸಗಿ ಆಸ್ಪತ್ರೆ. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಶುಲ್ಕ. ಅಲ್ಲಿ ನಿವಾಸಿಗಳನ್ನು ಹೊಡೆಯುತ್ತಿದ್ದುದು 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಯಿತು. ಮರುವರ್ಷ 11 ಸಿಬ್ಬಂದಿಗೆ ಶಿಕ್ಷೆಯಾಯಿತು. ಅದಕ್ಕೂ ಮೊದಲೇ ಒಬ್ಬ ನರ್ಸ್ ದೂರು ಕೊಟ್ಟಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಮನೆಯವರು ಬಂದರೆ ವಾರ್ಡಿನೊಳಗೆ, ಮಲಗುವ ಕೋಣೆಗೆ ಬಿಡುತ್ತಿರಲಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ. "ಸಂದರ್ಶಕರ ಕೋಣೆಯಲ್ಲೇ ಭೇಟಿಯಾಗಿ" ಅನ್ನುವ ನಿಯಮ ಎಲ್ಲಿದೆಯೋ ಅಲ್ಲಿ ಯಾಕೆ ಎಂದು ಕೇಳಬೇಕು, ಒಪ್ಪುವಂಥ ಉತ್ತರ ಬರುವ ತನಕ ಕೇಳುತ್ತಿರಬೇಕು.

ಇಷ್ಟಾದರೂ ಹೊಡೆತಕ್ಕಿಂತ ಹೆಚ್ಚು ಜೀವ ತೆಗೆಯುವುದು ಗಮನವಿಲ್ಲದಿರುವುದು. ಅದರಲ್ಲಿ ಎಲ್ಲರೂ ಮಾತಾಡಲು ಸಂಕೋಚಪಡುವ ಮಲಬದ್ಧತೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ತಡೆಯಬಹುದಾಗಿದ್ದ ಸಾವುಗಳು ಅದರಿಂದ ಆಗಿವೆ. ಓಡಾಟ ಕಡಿಮೆ, ನೀರು ಕಡಿಮೆ, ಜೊತೆಗೆ ಕರುಳಿನ ಚಲನೆಯನ್ನು ನಿಧಾನ ಮಾಡುವ ಮಾತ್ರೆಗಳು: ಮನೋರೋಗದ ಔಷಧಿಗಳು, ಅದರಲ್ಲೂ ಕ್ಲೋಜಪೈನ್, ಜೊಲ್ಲು ಕಡಿಮೆ ಮಾಡಲು ಕೊಡುವ ಔಷಧಿಗಳು, ಕಬ್ಬಿಣಾಂಶದ ಮಾತ್ರೆ. ಮಾತು ಬಾರದವರು ಹೊಟ್ಟೆ ನೋಯುತ್ತಿದೆ ಎಂದು ಹೇಳುವುದಿಲ್ಲ. ಊಟ ತಳ್ಳುತ್ತಾರೆ, ಬಾಗಿ ಕೂರುತ್ತಾರೆ, ಕೈ ಹಿಂದಕ್ಕೆ ಹೋಗುತ್ತದೆ, ಪಕ್ಕದವರನ್ನು ಹೊಡೆಯುತ್ತಾರೆ, ಅಪಸ್ಮಾರ ಇದ್ದವರಿಗೆ ಫಿಟ್ಸ್ ಹೆಚ್ಚುತ್ತದೆ.

ಇದಕ್ಕೆ ಬ್ರಿಸ್ಟಲ್ ಚಾರ್ಟ್ ಎಂಬ, ಮಲದ ಗಟ್ಟಿತನ ತೋರಿಸುವ ಏಳು ಚಿತ್ರಗಳ ಪಟ್ಟಿ ಇದೆ. 1 ಮತ್ತು 2 ಎಂದರೆ ಗಟ್ಟಿ, 3 ಮತ್ತು 4 ಸರಿ, 6 ಮತ್ತು 7 ಭೇದಿಯ ಕಡೆಗೆ. ದಿನಾಂಕ, ಹೊತ್ತು, ಯಾವ ಸಂಖ್ಯೆ, ಎಷ್ಟು, ಬರೆದವರು ಯಾರು. ಒಬ್ಬೊಬ್ಬರ ಹಾಳೆಗೂ ಈ ಐದು ಕಾಲಂ. ಇದರಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಮೊದಲನೆಯದು, ಶೌಚಕ್ಕೆ ತಾವೇ ಹೋಗಿಬರುವವರ ಹಾಳೆ ಖಾಲಿ ಇರುತ್ತದೆ, ಅಥವಾ "ತಾವೇ ಹೋಗುತ್ತಾರೆ" ಎಂದು ಬರೆದಿರುತ್ತದೆ. ಹೋಗಿದ್ದು ಗೊತ್ತು, ಆದದ್ದು ಗೊತ್ತಿಲ್ಲ. ಖಾಲಿ ಕಾಲಂ ಎಂದರೆ ಆಗಿಲ್ಲವೆಂದೋ ನೋಡಿಲ್ಲವೆಂದೋ ಯಾರಿಗೂ ತಿಳಿಯುವುದಿಲ್ಲ. ಎರಡನೆಯದು ಇನ್ನೂ ಅಪಾಯದ್ದು. ಕರುಳಿನಲ್ಲಿ ಗಟ್ಟಿ ಮಲ ಸಿಕ್ಕಿಕೊಂಡಾಗ ಅದರ ಸುತ್ತ ಜಾಗ ಮಾಡಿಕೊಂಡು ನೀರಿನಂಥ ಮಲ ಸೋರುತ್ತದೆ. ಹಾಳೆಯಲ್ಲಿ ಆರು ದಿನ ಏನೂ ಇಲ್ಲ, ಏಳನೇ ದಿನ "7" ಎಂದಿದ್ದರೆ ಅದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟುಬಿಡುತ್ತಾರೆ. ಕಟ್ಟಿಕೊಂಡಿದ್ದನ್ನು ಇನ್ನಷ್ಟು ಕಟ್ಟಿಹಾಕಿದಂತೆ ಆಗುತ್ತದೆ. ಹಾಳೆಯ ಒಂದು ಸಾಲನ್ನಲ್ಲ, ಇಡೀ ವಾರವನ್ನು ಓದುವ ಅಭ್ಯಾಸ ಸಿಬ್ಬಂದಿಗೆ ಬರಬೇಕು.

ಪ್ರತಿಯೊಬ್ಬರ ಕಡತದಲ್ಲೂ ಎಷ್ಟು ದಿನ ಆಗದಿದ್ದರೆ ಯಾವ ಔಷಧಿ, ಅದಾದ ಮೇಲೂ ಆಗದಿದ್ದರೆ ಯಾರಿಗೆ ಫೋನ್ ಎಂದು ವೈದ್ಯರು ಬರೆದುಕೊಟ್ಟಿರಬೇಕು. ಹೊಟ್ಟೆ ಉಬ್ಬಿ ವಾಂತಿಯೂ ಶುರುವಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು. ದಿನನಿತ್ಯದ ಮಟ್ಟಿಗೆ ಊಟವಾಗಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಶೌಚಕ್ಕೆ ಕೂರಿಸುವುದು ಒಳ್ಳೆಯದು, ಹೊಟ್ಟೆ ತುಂಬಿದಾಗ ದೊಡ್ಡಕರುಳು ತಾನಾಗಿ ಅಲುಗುತ್ತದೆ. ಕಮೋಡಿನ ಮೇಲೆ ಕಾಲು ಜೋಲುಬಿಟ್ಟು ಕೂತರೆ ಪ್ರಯೋಜನವಿಲ್ಲ. ಪಾದದ ಕೆಳಗೆ ಒಂದು ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ನಾರಿನಂಶ ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿಯೇ ಆ ನೀರಿನ ಜಗ್ಗಿನ ಮಾತನ್ನು ಮೊದಲು ಎತ್ತಿದ್ದು.

ನುಂಗುವ ತೊಂದರೆ ಇನ್ನೊಂದು. ಉಸಿರುಗಟ್ಟುವುದು ಕಣ್ಣಿಗೆ ಕಾಣುತ್ತದೆ, ಆದರೆ ಆಹಾರ, ನೀರು, ಜೊಲ್ಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಆಗುವ ನ್ಯುಮೋನಿಯಾ ಕಾಣುವುದಿಲ್ಲ. ಕಡತದಲ್ಲಿ "ಮೆತ್ತಗಿನ ಊಟ ಕೊಡಿ" ಎಂದಿದ್ದರೆ ಅದು ಸೂಚನೆಯೇ ಅಲ್ಲ. ಒಬ್ಬೊಬ್ಬ ಅಡುಗೆಯವರಿಗೆ ಮೆತ್ತಗೆ ಎಂದರೆ ಒಂದೊಂದು. ಇದನ್ನು ಸರಿಪಡಿಸಲೆಂದೇ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆ ಇದೆ, 0ಯಿಂದ 7ರವರೆಗೆ ಎಂಟು ಮಟ್ಟ. 6ನೇ ಮಟ್ಟದಲ್ಲಿ ವಯಸ್ಕರಿಗೆ ತುಂಡು 15 ಮಿಲಿಮೀಟರ್ ಮೀರಬಾರದು. 5ನೇ ಮಟ್ಟದಲ್ಲಿ ತುಣುಕಿನ ಅಗಲ 4 ಮಿಲಿಮೀಟರ್, ಅಂದರೆ ಸಾಮಾನ್ಯ ಫೋರ್ಕಿನ ಹಲ್ಲುಗಳ ನಡುವಿನ ಸಂದಿಯಷ್ಟು. 4ನೇ ಮಟ್ಟದಲ್ಲಿ ಗಂಟೇ ಇರಬಾರದು. ಪಾನೀಯ ಎಷ್ಟು ಮಂದವಾಗಿದೆ ಎಂದು ಅಳೆಯಲು 10 ಮಿಲಿಲೀಟರ್ ಸಿರಿಂಜ್ ಬೇಕು, 0ಯಿಂದ 10ರವರೆಗಿನ ಗೆರೆಗಳ ಉದ್ದ 61.5 ಮಿಲಿಮೀಟರ್ ಇರುವಂಥದ್ದು. ತುದಿಯನ್ನು ಬೆರಳಲ್ಲಿ ಮುಚ್ಚಿ 10ರವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಬಿಟ್ಟು ಮತ್ತೆ ಮುಚ್ಚಿ. ಉಳಿದದ್ದು 1ರಿಂದ 4 ಮಿಲಿಲೀಟರ್ ಆದರೆ 1ನೇ ಮಟ್ಟ, 4ರಿಂದ 8 ಆದರೆ 2ನೇ ಮಟ್ಟ, 8ಕ್ಕಿಂತ ಹೆಚ್ಚಾಗಿ 10ಕ್ಕಿಂತ ಕಡಿಮೆಯಾದರೆ 3ನೇ ಮಟ್ಟ. ಯಾರಿಗೆ ಯಾವ ಮಟ್ಟ ಎಂದು ನಿರ್ಧರಿಸುವುದು ನುಂಗುವಿಕೆಯನ್ನು ಪರೀಕ್ಷಿಸಿದ ವಾಕ್-ಭಾಷಾ ತಜ್ಞರು, ಅಡುಗೆಯವರೂ ಅಲ್ಲ, ಮೇಲ್ವಿಚಾರಕರೂ ಅಲ್ಲ.

ಕೆಡುವುದು ಎಲ್ಲಿ? ವಾರದ ರಜೆಗೆ ಬದಲಿ ಅಡುಗೆಯವರು ಬಂದ ದಿನ. ನೋಡಲು ಬಂದವರು ಪ್ರೀತಿಯಿಂದ ಬಿಸ್ಕತ್ತು ಕೈಗಿಟ್ಟಾಗ. ಪಕ್ಕದವರ ತಟ್ಟೆಯಿಂದ ಬ್ರೆಡ್ ಎಳೆದುಕೊಂಡಾಗ. ಮೂರಕ್ಕೂ ಮೊದಲೇ ವ್ಯವಸ್ಥೆ ಇರಬೇಕು: ಅಡುಗೆಮನೆಯ ಗೋಡೆಯ ಮೇಲೆ ಹೆಸರು ಮತ್ತು ಮಟ್ಟ, ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು ಎಂಬ ನಿರ್ಧಾರ. ಉಣ್ಣಿಸುವವರು ಎದುರಿಗೆ, ಕಣ್ಣಿನ ಮಟ್ಟದಲ್ಲಿ ಕೂರಬೇಕು. ನಿಂತು ಉಣ್ಣಿಸಿದರೆ ಉಣ್ಣುವವರು ತಲೆ ಎತ್ತುತ್ತಾರೆ, ತಲೆ ಎತ್ತಿದರೆ ತುತ್ತು ಶ್ವಾಸನಾಳದ ಕಡೆ ಜಾರುವ ಅಪಾಯ ಹೆಚ್ಚು. ಊಟವಾದ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಬೇಕು. ಶಿಫ್ಟ್ ಮುಗಿಯುತ್ತದೆ ಎಂದು ಬೇಗ ಮಲಗಿಸುವ ಮನೆಗಳಲ್ಲಿ ತಪ್ಪುವುದು ಇದೇ.

ಅಪಸ್ಮಾರ ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇರುತ್ತದೆ. ಫಿಟ್ಸ್ 5 ನಿಮಿಷ ದಾಟಿದರೆ ತುರ್ತು. ಆಗ ಕೆನ್ನೆಯೊಳಗೆ ಹಾಕುವ, ಫಿಟ್ಸ್ ನಿಲ್ಲಿಸುವ ಮಿಡಜೊಲಾಮ್ ಔಷಧಿ ಬರೆದುಕೊಟ್ಟಿದ್ದರೆ ಅದು ಎಲ್ಲಿದೆ, ಈ ಶಿಫ್ಟಿನಲ್ಲಿ ಹಾಕಲು ಬಲ್ಲವರು ಯಾರು ಎಂಬುದು ಆ ಕ್ಷಣದಲ್ಲಿ ಹುಡುಕುವ ವಿಷಯವಲ್ಲ. ಸ್ನಾನದ ವಿಚಾರದಲ್ಲಂತೂ ರಾಜಿ ಬೇಡ. 2013ರಲ್ಲಿ ಆಕ್ಸ್‌ಫರ್ಡಿನ ಒಂದು ಘಟಕದಲ್ಲಿ ಅಪಸ್ಮಾರವಿದ್ದ 18 ವರ್ಷದ ಯುವಕ ಸ್ನಾನದ ತೊಟ್ಟಿಯಲ್ಲಿ ಒಬ್ಬನೇ ಇದ್ದಾಗ ಮುಳುಗಿ ತೀರಿಕೊಂಡ. ನಿರ್ಲಕ್ಷ್ಯವೂ ಅದಕ್ಕೆ ಕಾರಣವೆಂದು 2015ರಲ್ಲಿ ತೀರ್ಪುಗಾರರು ಹೇಳಿದರು. ತೊಟ್ಟಿಗಿಂತ ಶವರ್ ವಾಸಿ, ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿನ ಚಿಲಕವನ್ನು ಹೊರಗಿನಿಂದ ಬಿಡಿಸಲು ಬರಬೇಕು. ತೊಟ್ಟಿಯಲ್ಲೇ ಸ್ನಾನ ಎಂದಾದರೆ ಒಬ್ಬರು ಜೊತೆಯಲ್ಲೇ ಇರಬೇಕು. ಹದಿನೈದು ನಿಮಿಷಕ್ಕೊಮ್ಮೆ ಇಣುಕಿ ನೋಡುವುದು ಲೆಕ್ಕಕ್ಕಿಲ್ಲ. ನೀರಿನ ಬಿಸಿ 44 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಥರ್ಮಾಮೀಟರಿನಲ್ಲಿ ನೋಡಿ.

ಇನ್ನು ನಡವಳಿಕೆ ಎಂಬ ಮಾತು. ಸೌಮ್ಯವಾಗಿದ್ದವರು ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳತೊಡಗಿದರೆ ಮೊದಲು ನೋಡಬೇಕಾದ್ದು ಹಲ್ಲು, ಕಿವಿ, ಎದೆಯುರಿ, ಮೂತ್ರದ ಸೋಂಕು, ಮುಟ್ಟಿನ ನೋವು, ಮಲಬದ್ಧತೆ. ಆದರೆ "ಇವರದು ಹೀಗೇ" ಎಂದು ಅಂಗವೈಕಲ್ಯದ ಲೆಕ್ಕಕ್ಕೆ ಬರೆದು ಮಂಕು ಬರಿಸುವ ಮಾತ್ರೆ ಶುರು ಮಾಡುವುದು ಎಲ್ಲೆಡೆ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಲ್ಲು ಹಾಗೇ ಹುಳುಕಾಗಿರುತ್ತದೆ, ನೋವು ತಿನ್ನುವವರು ಈಗ ಅದನ್ನು ತೋರಿಸಲೂ ಆಗದ ಸ್ಥಿತಿಯಲ್ಲಿರುತ್ತಾರೆ. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಂಗವೈಕಲ್ಯದ 30,000ದಿಂದ 35,000 ವಯಸ್ಕರು ಆ ಔಷಧಿ ಬೇಕಾದ ಕಾಯಿಲೆ ಇಲ್ಲದೆಯೇ ಮನೋರೋಗದ ಅಥವಾ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು 2015ರಲ್ಲಿ ಅಂದಾಜು ಮಾಡಿದರು. ಅದರ ಬೆನ್ನಿಗೇ 2016ರಲ್ಲಿ ಇಂಥ ಅನಗತ್ಯ ಮಾತ್ರೆಗಳನ್ನು ನಿಲ್ಲಿಸಲು ಸ್ಟಾಂಪ್ (STOMP) ಎಂಬ ಅಭಿಯಾನ ಶುರುವಾಯಿತು. ಮಾತ್ರೆ ಏಕೆ ಶುರುವಾಯಿತು, ಯಾವಾಗ, ಕೊನೆಯ ಸಲ ವೈದ್ಯರು ಮರುಪರಿಶೀಲಿಸಿದ್ದು ಯಾವಾಗ, ಈ ಮೂರಕ್ಕೂ ಕಡತದಲ್ಲಿ ಉತ್ತರ ಇರಬೇಕು. ಹಾಗಂತ ಯಾರೂ ತಾವಾಗಿ ನಿಲ್ಲಿಸಬಾರದು. ವೈದ್ಯರ ಕೈಕೆಳಗೆ, ಸ್ವಲ್ಪ ಸ್ವಲ್ಪವೇ, ತಿಂಗಳುಗಳ ಮೇಲೆ ಇಳಿಸಬೇಕು.

ಮಾತ್ರೆಯ ವಿಷಯ ಬಂದಾಗ ಒಂದು ಮಾತು: ನುಂಗಲು ಕಷ್ಟವೆಂದು ಎಲ್ಲವನ್ನೂ ಕುಟ್ಟಿ ಪುಡಿ ಮಾಡುವುದು ತಪ್ಪು. ಕಾರ್ಬಮಜೆಪೈನ್, ವ್ಯಾಲ್‌ಪ್ರೊಯೇಟ್ ಇವುಗಳ ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಹರಿಯಬೇಕಾದ ಔಷಧಿ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ, ಆಮೇಲೆ ಫಿಟ್ಸ್ ತಡೆಯಲು ಏನೂ ಉಳಿಯುವುದಿಲ್ಲ. ದ್ರವರೂಪದ್ದು ಇದೆಯಾ ಎಂದು ಔಷಧಿ ಅಂಗಡಿಯವರನ್ನೇ ಕೇಳಿ.

ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಆಗಬೇಕು. ಅವರಲ್ಲಿ ಆಲ್‌ಜೈಮರ್ ನಲವತ್ತು ಐವತ್ತರ ವಯಸ್ಸಿಗೇ ಬರಬಹುದು, ಯಾಕೆಂದರೆ ಅದಕ್ಕೆ ಸಂಬಂಧಿಸಿದ ಜೀನ್ ಇರುವುದು ಅವರಲ್ಲಿ ಮೂರು ಪ್ರತಿ ಇರುವ 21ನೇ ವರ್ಣತಂತುವಿನಲ್ಲೇ. ಏನೆಲ್ಲ ಮಾಡಬಲ್ಲರು ಎಂಬುದನ್ನು ಮೂವತ್ತರ ಸುಮಾರಿಗೇ ಬರೆದಿಟ್ಟಿದ್ದರೆ ಮುಂದೆ ಕಳೆದದ್ದು ಏನೆಂದು ತಿಳಿಯುತ್ತದೆ.

ಕರೆಯುವ ರೀತಿಯನ್ನೂ ಕೇಳಿಸಿಕೊಳ್ಳಿ. ನಲವತ್ತೈದು ವರ್ಷದವರನ್ನು "ನಮ್ಮ ಮಕ್ಕಳು" ಅನ್ನುವುದು, ಹೆಸರು ಹಿಡಿದು ಏಕವಚನದಲ್ಲಿ ಕೂಗುವುದು ಪ್ರೀತಿಯಿಂದಲೇ ಇರಬಹುದು. ಆದರೆ ಮಗುವೆಂದು ಕರೆದವರಿಗೆ ಮಗುವಿನಷ್ಟೇ ಆಯ್ಕೆ ಸಿಗುತ್ತದೆ. ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋಗುವುದೂ ಅಲ್ಲಿಂದಲೇ ಶುರು. ದುಡ್ಡಿನ ಲೆಕ್ಕ ಪ್ರತಿಯೊಬ್ಬರದೂ ಬೇರೆ ಇರಬೇಕು, ರಸೀದಿ ಸಮೇತ, ಎರಡು ಸಹಿಯೊಂದಿಗೆ. ಬೆಂಕಿಯ ಅಣಕು ಅಭ್ಯಾಸವನ್ನು ರಾತ್ರಿ ಪಾಳಿಯಲ್ಲಿ ಎಷ್ಟು ಸಿಬ್ಬಂದಿ ಇರುತ್ತಾರೋ ಅಷ್ಟೇ ಜನರಿಂದ ಮಾಡಿಸಿ ಸಮಯ ನೋಡಬೇಕು. ಹಗಲು ಆರು ಜನ ಸೇರಿ ಮಾಡಿದ ಅಭ್ಯಾಸದಿಂದ ರಾತ್ರಿಯದು ಏನೂ ತಿಳಿಯುವುದಿಲ್ಲ.

ನಿಮ್ಮವರಿಗಾಗಿ ಜಾಗ ಹುಡುಕುತ್ತಿದ್ದರೆ ಹೇಳಿ ಹೋಗುವ ಭೇಟಿ ಒಂದು, ಹೇಳದೆ ಹೋಗುವ ಭೇಟಿ ಇನ್ನೊಂದು ಇರಲಿ. ಎರಡನೆಯದು ಭಾನುವಾರ ಸಂಜೆಯಾದರೆ ಒಳ್ಳೆಯದು. ಆಗ ಮೇಲ್ವಿಚಾರಕರ ಜೊತೆ ಮಾತ್ರ ಮಾತಾಡಿ ಬರಬೇಡಿ. ಅಲ್ಲಿ ಕೆಲಸಕ್ಕೆ ಸೇರಿ ಕಡಿಮೆ ದಿನ ಆದವರು ಯಾರೆಂದು ಕೇಳಿ ತಿಳಿದು, ಅವರ ಹತ್ತಿರ ಹೋಗಿ, ಮಾತು ಬಾರದ ಒಬ್ಬರ ಕಡೆ ನೋಡಿ, "ಇವರಿಗೆ ನೋವಾದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿ. "ಗಲಾಟೆ ಮಾಡ್ತಾರೆ" ಎಂಬ ಉತ್ತರ ಬಂದರೆ ಇನ್ನೊಂದು ಜಾಗ ನೋಡಿ. "ಎಡಗೈ ಮುಷ್ಟಿ ಹಿಡೀತಾರೆ, ಗುನುಗೋದು ನಿಲ್ಲಿಸ್ತಾರೆ, ಅವರ ಹಾಳೆಯಲ್ಲಿ ಬರೆದಿದೆ, ತೋರಿಸ್ತೀನಿ ಬನ್ನಿ" ಅಂದರೆ, ಆ ಹಾಳೆಯನ್ನು ಕೂತು ಓದಿ. ಕೊನೆಯ ಸಲ ಅದನ್ನು ತಿದ್ದಿದ ದಿನಾಂಕ ಯಾವುದು ಎಂದೂ ನೋಡಿ.